ಅಕ್ಕನ ಮಾತ್ರೆ, ನನ್ನ ಬಾಯಿ

ಅಕ್ಕನ ಬಲಗೈ ಹೆಬ್ಬೆರಳಿಗೆ ಸದಾ ಮಾರ್ಕರ್ ಪೆನ್ನಿನ ನೇರಳೆ ಮಸಿ ಅಂಟಿಕೊಂಡಿರುತ್ತಿತ್ತು. ಪೋಲಿಯೊ ಹನಿ ಹಾಕಿದ ಮಕ್ಕಳ ಬೆರಳಿಗೆ ಗುರುತು ಹಾಕಿ ಹಾಕಿ ಆದದ್ದು. ಕಡಬದ ಕಡೆಯ ಒಂದು ಊರಿನಲ್ಲಿ ಅವರು ಆಶಾ ಕಾರ್ಯಕರ್ತೆ, ಎಲ್ಲರಿಗೂ ಅಕ್ಕ. ನಾನು ಪುತ್ತೂರಿನಲ್ಲಿ ಎಂ.ಎಸ್.ಡಬ್ಲ್ಯು. ಓದುತ್ತಿದ್ದೆ. ಮಾನಸಿಕ ಕಾಯಿಲೆ ಇದ್ದವರನ್ನು ಯುವಜನ ಎಷ್ಟು ದೂರ ಇಡುತ್ತಾರೆಂದು ಅಳೆಯುವ ಸಮೀಕ್ಷೆಗೆ ನನ್ನನ್ನು ಮನೆಮನೆಗೆ ಕರೆದೊಯ್ದವರು ಅವರೇ.

ಫಾರಂ ಕೊಟ್ಟರೆ ಹುಡುಗರು ನನ್ನನ್ನು ಬಿಟ್ಟು ಅವರನ್ನು ಕೇಳುತ್ತಿದ್ದರು: "ಅಕ್ಕಾ, ಇದರಲ್ಲಿ ಸರಿ ಉತ್ತರ ಯಾವುದು?"

"ಪರೀಕ್ಷೆ ಅಲ್ಲ ಮಾರಾಯ, ನಿನಗೆ ಎಂತ ಅನಿಸ್ತದೆ ಅದನ್ನು ಹಾಕು," ಎಂದು ಅಕ್ಕ ನಗುತ್ತಿದ್ದರು.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಅವರು ಒಂದು ಮಾತ್ರೆ ನುಂಗುವುದಿತ್ತು. ಮಗಳು ಹುಟ್ಟಿದಾಗ ಮನಸ್ಸು ಕೆಟ್ಟುಹೋದದ್ದು, ಅಂದಿನಿಂದ ಈ ಮಾತ್ರೆಯಲ್ಲಿ ಗಟ್ಟಿಯಾಗಿರುವುದು, ಎಲ್ಲವನ್ನೂ ನನ್ನೊಬ್ಬಳನ್ನೇ ನಂಬಿ ಹೇಳಿದ್ದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಡಿಗ್ರಿ ಓದಿದ ಬಾಣಂತಿಯೊಬ್ಬಳು, ‘ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರ ಕೈಗೆ ನನ್ನ ಮಗುವನ್ನು ಕೊಡುತ್ತೇನೆ’ ಎಂಬ ಸಾಲಿಗೆ ‘ಪೂರ್ಣ ಒಪ್ಪಿಗೆ’ ಎಂದು ಗುರುತು ಹಾಕಿದಳು. ನಾನು ಉಬ್ಬಿಹೋದೆ. "ನೋಡಿ, ನಮ್ಮ ಅಕ್ಕನೂ ಮಾತ್ರೆ ತೆಗೊಳ್ತಾರೆ. ಎಷ್ಟು ಚಂದ ಕೆಲಸ ಮಾಡ್ತಾರೆ!" ಎಂದುಬಿಟ್ಟೆ. ಅಕ್ಕ ಕೊಡೆ ಎತ್ತಿಕೊಂಡು ಅಂಗಳಕ್ಕಿಳಿದರು.

ಮರುವಾರ ಆ ಮಗುವಿನ ತೂಕ ನೋಡಲು ಅಕ್ಕ ತಕ್ಕಡಿ ಹಿಡಿದು ಹೋದಾಗ ನಾನೂ ಜೊತೆಗಿದ್ದೆ. ಬಾಣಂತಿ ಬಾಗಿಲಿಗೆ ಅಡ್ಡ ನಿಂತು, "ಮಗು ಮಲಗಿದೆ, ಇನ್ನೊಮ್ಮೆ ಬನ್ನಿ," ಎಂದಳು. ಒಳಗೆ ಮಗು ಅಳುತ್ತಿತ್ತು. ಆಮೇಲೆ ಒಂದೊಂದೇ ಮನೆಯಲ್ಲಿ, ಅಕ್ಕ ಹೋದಾಗಲೆಲ್ಲ ಮಕ್ಕಳು ಮಲಗತೊಡಗಿದರು.

ನನ್ನ ಸಮೀಕ್ಷೆಯ ಲೆಕ್ಕದಲ್ಲಿ ಆ ಬಾಣಂತಿಗೇ ಎಲ್ಲರಿಗಿಂತ ಒಳ್ಳೆಯ ಅಂಕ. ಆ ಫಾರಂ ತೆಗೆದುಹಾಕಲೇ ಎಂದು ಕಾಲೇಜಿನ ನನ್ನ ಗೈಡ್ ಬಳಿ ಕೇಳಿದೆ. ತುಂಬಿಸಿ ಕೊಟ್ಟದ್ದನ್ನು ಮುಟ್ಟುವ ಹಾಗಿಲ್ಲ ಎಂದರು.

ಅಕ್ಕ ಕೆಲಸ ಬಿಟ್ಟರೆಂದು ತಿಳಿದು ಅವರ ಮನೆಗೆ ಓಡಿದೆ. ಬೀಡಿ ಎಲೆ ಕತ್ತರಿಸುತ್ತಾ ಕುಳಿತಿದ್ದರು. "ತಪ್ಪಾಯ್ತಕ್ಕಾ, ನಾನು ಎಲ್ಲರ ಮನೆಗೆ ಹೋಗಿ ಮಾತಾಡ್ಲಾ?" ಎಂದು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು.

"ಬೇಡ ಮಾರಾಯ್ತಿ. ಮಗಳಿಗೆ ಗಂಡು ನೋಡುದುಂಟು. ಇನ್ನಾದ್ರೂ ನೀನು ಸುಮ್ಮನಿರು, ಅಷ್ಟು ಮಾಡಿದ್ರೆ ಸಾಕು."

ಸುಮ್ಮನಿದ್ದೇನೆ. ಇಲ್ಲಿ ಅವರ ಹೆಸರಾಗಲಿ, ಊರ ಹೆಸರಾಗಲಿ ಬರೆದಿಲ್ಲ. ಅವರಿಗೆ ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ.