ನ್ಯಾಯಾಧೀಶರ ಕುರ್ಚಿಯಡಿಯ ಕಲ್ಲು

ನೆಲಕ್ಕೆ ಕಲ್ಲು ಹಾಸುವ ಆ ಮೇಸ್ತ್ರಿಗೆ ಜನ ಇಟ್ಟ ಹೆಸರು ಮಟ್ಟ ನೋಡುವ ಸಲಕರಣೆಯದೇ: ರಸಮಟ್ಟ. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ತಪಸ್ಸಿಗೆ ಕೂರುತ್ತಿತ್ತು. ಈ ವೀರನ ಬತ್ತಳಿಕೆಯಲ್ಲಿದ್ದದ್ದು ಒಂದೇ ಅಸ್ತ್ರ: ಕೊನೆಯ ಕಲ್ಲೊಂದನ್ನು ಕೂರಿಸದೆ ಕಂಕುಳಲ್ಲಿಟ್ಟು ಮನೆಗೆ ಒಯ್ಯುವುದು. ಪೂರ್ತಿ ಹಣ ಬಂದ ಮೇಲೆಯೇ ಕಲ್ಲು. ಮೂವತ್ತು ವರ್ಷ ಆ ಅಸ್ತ್ರ ಗುರಿ ತಪ್ಪಿರಲಿಲ್ಲ.

ಹೊಸ ಕೋರ್ಟಿನ ನೆಲದ ಕೆಲಸ ಸಿಕ್ಕಾಗ ಹೆಂಡತಿಯ ಬಳೆ ಅಡವಿಟ್ಟು ಕೂಲಿ ಕೊಟ್ಟ. ಬಿಲ್ಲಿನ ಹಣ ಬಂದರೆ ಬಳೆ ಬಿಡಿಸುವುದೆಂದು ಮಾತು. ರೂಢಿಯಂತೆ ಒಂದು ಕಲ್ಲು ಬಿಟ್ಟ. ಅದೂ ನ್ಯಾಯಾಧೀಶರ ಕುರ್ಚಿಯ ಬಲಗಾಲಿನಡಿಯಲ್ಲೇ.

‘ಕೆಲಸ ಅಪೂರ್ಣ, ಒಂದು ಕಲ್ಲು ಬಾಕಿ’ ಎಂದು ಬರೆದು ಎಂಜಿನಿಯರು ಬಿಲ್ಲು ಹಿಂದಿರುಗಿಸಿದರು. ದುಡ್ಡು ಕೊಟ್ಟರೆ ಕಲ್ಲು ಎಂದು ಇವನು ಬರೆಸಿದ. ಕಲ್ಲು ಹಾಕಿದರೆ ದುಡ್ಡು ಎಂದು ಅವರು ಬರೆದರು. ಹಣ ಬರುವ ತನಕ ಕೋರ್ಟಿನ ಬೀದಿಗೆ ಕಾಲಿಡೆನೆಂದು ಇವನ ಶಪಥ. ಆರು ವರ್ಷ ಅಂಚೆಯಲ್ಲೇ ಮಹಾಯುದ್ಧ ನಡೆಯಿತು. ಅಷ್ಟರಲ್ಲಿ ಮೂವರು ನ್ಯಾಯಾಧೀಶರು ಬಲಕ್ಕೆ ವಾಲಿಕೊಂಡೇ ತೀರ್ಪು ಕೊಟ್ಟು ವರ್ಗವಾದರು. ಬಲಗಡೆ ನಿಲ್ಲುವ ವಕೀಲರಿಗೆ ಕಕ್ಷಿದಾರರು ಹೆಚ್ಚಿದರು.

ಕಲ್ಲು ಮನೆಯಲ್ಲಿ ನೀರಿನ ಹಂಡೆಗೆ ಮುಚ್ಚಳವಾಗಿತ್ತು. ಒಂದು ಬೆಳಿಗ್ಗೆ ಹೆಂಡತಿ ಅದನ್ನೆತ್ತಿ ಅವನ ತೊಡೆಯ ಮೇಲಿಟ್ಟಳು.

“ಬಳೆ ಬಡ್ಡೀಲಿ ಮುಳುಗೋಕೆ ಇನ್ನು ಎಂಟೇ ದಿನ. ನಿಮ್ಮ ಹಟಾನೂ ನಿಮ್ಮ ನೆಲದಷ್ಟೇ ಗಟ್ಟಿ ಅಂತ ಒಪ್ಪಿದೆ ರೀ. ಈಗ ಹೋಗಿ ಇದನ್ನ ಕೂರಿಸಿ ಬನ್ನಿ.”

ಮೀಸೆ ಇಳಿಸಿಕೊಂಡು ಹೋದ. ಕೋರ್ಟಿನ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಅದು ಅವನ ನೆಲವಲ್ಲ. ಒಂದು ಕಲ್ಲು ಹಾಕಿಸಲು ಯಾವ ಬಾಬ್ತಿನಲ್ಲೂ ಹಣವಿರಲಿಲ್ಲವಂತೆ. ಇಡೀ ನೆಲ ಕಿತ್ತು ಹೊಸದು ಹಾಕಿಸಲು ದುರಸ್ತಿ ಅನುದಾನ ಧಾರಾಳವಾಗಿತ್ತಂತೆ. ಯಾವನೋ ಕಂಟ್ರಾಕ್ಟರು ಹದಿನೈದು ದಿನದಲ್ಲಿ ಮುಗಿಸಿ ಹದಿನಾರನೆಯ ದಿನ ಚೆಕ್ಕು ಒಯ್ದಿದ್ದ.

ಎಂಜಿನಿಯರು ಅಳತೆಯ ಟೇಪು ಮೇಜಿನ ಮೇಲಿಟ್ಟರು. “ನಿನ್ನ ಬಿಲ್ಲು ಇವತ್ತೇ ಪಾಸ್ ಮಾಡ್ತೀನಿ ಮೇಸ್ತ್ರಿ. ನಿನ್ನ ನೆಲ ಎಲ್ಲಿದೆ ತೋರಿಸು, ಅಳೆದು ಬರ್ಕೋತೀನಿ.”

ರಸಮಟ್ಟ ಕಂಕುಳಿನ ಕಲ್ಲನ್ನು ಟೇಪಿನ ಪಕ್ಕದಲ್ಲಿಟ್ಟ. ಎಂಜಿನಿಯರು ನಿಯಮ ಮೀರುವವರಲ್ಲ, ಅಳೆದರು. ಒಂದು ಚದರಡಿ. ಮರುವಾರ ಒಂದು ಚದರಡಿಯ ಹಣ ಬಂತು, ತೆರಿಗೆ ಕಳೆದು. ಹಣ ಕೊಟ್ಟ ಮೇಲೆ ಕಲ್ಲು ಸರ್ಕಾರದ್ದೇ ಅಲ್ಲವೇ, ಅದನ್ನು ಉಗ್ರಾಣಕ್ಕೆ ಸೇರಿಸಿಕೊಂಡರು.

ಎಂಟು ದಿನದ ಗಡುವೂ ಕಳೆಯಿತು. ಹಂಡೆ ಮುಚ್ಚಲು ಹೆಂಡತಿ ಒಂದು ಹಲಗೆ ಹುಡುಕಿದಳು, ಬರಿಗೈಯಲ್ಲಿ.