ಗೇಟಿನ ಪಕ್ಕದ ಪರಸಿಕಟ್ಟೆ

ಸೂಗಮ್ಮ ಯಾದಗಿರಿ ಕಡೆಯಿಂದ ಬಂದವಳು. ಹೈದರಾಬಾದಿನಲ್ಲಿ ಹನ್ನೊಂದು ವರ್ಷ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತಳು. ಹೊರುವವಳು ಹೆಂಗಸು, ಕಟ್ಟುವ ಗೌಂಡಿ ಗಂಡಸು: ಈ ಊರಿನ ಯಾವ ಸೈಟಿಗೆ ಹೋದರೂ ಇದೇ ಶಾಸ್ತ್ರ. ಶಾಸ್ತ್ರ ಬರೆದವರು ಯಾರೋ, ಬುಟ್ಟಿ ಹೊತ್ತವರಂತೂ ಅಲ್ಲ.

ಅವಳನ್ನು ಗೌಂಡಿ ಮಾಡಿದ್ದು ಒಂದು ಪರಸಿ ಕಲ್ಲು. ಉಪ್ಪಲ್‌ನಲ್ಲಿ ಅವಳ ಸೀಮೆಯವನೇ ಆದ ಬಿಲ್ಡರ್ ರಾಘವೇಂದ್ರ ತನ್ನ ಮೊದಲ ಮನೆ ಕಟ್ಟಿಸುತ್ತಿದ್ದಾಗ, ಮಧ್ಯಾಹ್ನ ಬುತ್ತಿ ಬಿಚ್ಚಲು ಹೆಂಗಸರಿಗೆ ಜಾಗವಿರಲಿಲ್ಲ. ನೆಲಕ್ಕೆ ಹಾಸಿ ಉಳಿದಿದ್ದ ಶಹಾಬಾದಿ ಪರಸಿಯೊಂದನ್ನು ಸೂಗಮ್ಮ ಗೇಟಿನ ಹೊರಗೆ, ಕಾಂಪೌಂಡ್ ಗೋಡೆಗೆ ಹೊಂದಿಸಿ ಕಟ್ಟೆ ಮಾಡಿಬಿಟ್ಟಳು. ಇಬ್ಬರು ಆರಾಮಾಗಿ, ಮೂವರು ಒತ್ತೊತ್ತಿಕೊಂಡು ಕೂರಬಹುದು. ಅಂಚನ್ನು ಉಜ್ಜಿ ಉಜ್ಜಿ ದುಂಡು ಮಾಡಿದಳು, ಸೀರೆ ಹರಿಯಬಾರದಲ್ಲ. ಮೇಲೊಂದು ಚೊಂಬು ನೀರು ಸುರಿದು ನೋಡಿದಳು. ನೀರು ಇರುವೆ ಸಾಲಿನ ಹಾಗೆ ಮೆಲ್ಲಗೆ ರಸ್ತೆಯ ಕಡೆ ಹರಿದರೆ ಕಟ್ಟೆ ಸರಿ. ಮಳೆನೀರು ನಿಲ್ಲುವುದಿಲ್ಲ, ಕೂತವರು ಜಾರುವುದಿಲ್ಲ. ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ ಅಪ್ಪ ಕಲಿಸಿದ್ದು ಅಷ್ಟೇ.

ಮನೆ ನೋಡಲು ಬಂದ ಗಿರಾಕಿ ಒಳಗೆ ಕಾಲಿಡುವ ಮೊದಲೇ ಆ ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡ. ರಾಘವೇಂದ್ರನ ತಲೆ ಓಡಿತು. ಮುಂದಿನ ಮನೆಗಳಿಗೆಲ್ಲ ಅದೇ ಕಟ್ಟೆ, ಅದೇ ದುಂಡಂಚು, ಮೇಲೆ ಕಂಪನಿಯ ಹೆಸರಿನ ಹಿತ್ತಾಳೆ ಫಲಕ. ‘ನಮ್ಮ ಪೂರ್ವಿಕರ ಅತಿಥಿ ಸತ್ಕಾರದ ಗುರುತು’ ಎಂದು ಬ್ರೋಷರಿನಲ್ಲಿ ಅಚ್ಚಾಯಿತು. ಪೂರ್ವಿಕರಂತೆ! ಬುತ್ತಿ ಬಿಚ್ಚಲು ಗೇಣು ಜಾಗ ಕೊಡದವರ ಪೂರ್ವಿಕರು! ಆದರೂ ಆ ಕಟ್ಟೆಯಿಂದಲೇ ಸೂಗಮ್ಮನ ತಲೆಯ ಬುಟ್ಟಿ ಇಳಿದು ಕೈಗೆ ಗಾರೆ ಬಳಿಯುವ ತಾಪಿ ಬಂತು. ಗಂಡಸರು ‘ಗೌಂಡಿ ಅಕ್ಕಾ’ ಎನ್ನತೊಡಗಿದರು, ಮೊದಲು ಚೇಷ್ಟೆಗೆ, ಆಮೇಲೆ ರೂಢಿಯಿಂದ.

ಹದಿನಾಲ್ಕನೆಯ ಕಟ್ಟೆಯ ಸಿಮೆಂಟು ಇನ್ನೂ ಹಸಿಯಿದ್ದಾಗ, ಮನೆ ಕೊಳ್ಳಲಿದ್ದ ಪ್ರಿಯಂವದಾ ಬಂದಳು. ಮೈಸೂರಿನವಳು, ಐಟಿ ಕೆಲಸ.

“ಇದನ್ನ ನೋಡೇ ನಾನು ನಿಮ್ಮ ಹತ್ರ ಬಂದಿದ್ದು ಸರ್. ಆದ್ರೆ ಡೆಲಿವರಿಯವರು, ಕಸ ಗುಡಿಸೋರು ಎಲ್ಲಾ ಬಂದು ಕೂತ್ಕೊಂಡ್ಬಿಡ್ತಾರಲ್ವಾ?”

“ಕುಂಡ್ರೂದಿಲ್ರೀ ಮೇಡಂ, ಇಳಿಜಾರು ಕೊಡ್ತೀವಿ. ನೋಡಾಕ ಕಟ್ಟಿ, ಕುಂತ್ರ ಜಾರಬಂಡಿ!” ಎಂದು ರಾಘವೇಂದ್ರ ನಕ್ಕ. ಅವಳೂ ನಕ್ಕಳು.

ಅವಳ ಕಾರು ಹೊರಟ ಮೇಲೆ ಅವನು ಸೂಗಮ್ಮನ ಕಡೆ ತಿರುಗಿದ. “ಹಿಂದ ನಾಕು ಇಂಚು ಎತ್ತು. ಸಿಮೆಂಟ್ ಗಟ್ಟಿ ಆಗೂದ್ರಾಗ.”

“ಕುಂತಾವ್ರು ಬೀಳ್ತಾರಲ್ರೀ ಸಾಹೇಬ್ರ.”

“ಬೀಳ್ಲಿ. ಒಮ್ಮೆ ಬಿದ್ದಾವ ಮತ್ತ ಕುಂಡ್ರಾಂಗಿಲ್ಲ.”

“ಹಂಗಾರ ಕಟ್ಟಿ ಯಾಕ್ರಿ? ಬರೇ ಗ್ವಾಡಿ ಬಿಡ್ರಿ.”

“ಏ, ಅದು ಕಂಪನಿ ಗುರ್ತು ಐತಿ. ಅದಿಲ್ಲಂದ್ರ ನನ್ನ ಮನಿಗೂ ಬಾಜೂ ಮನಿಗೂ ಏನ್ ಫರಕ್?”

“ಗುರ್ತು ಬೇಕು, ಕುಂಡ್ರೋ ಮಂದಿ ಬ್ಯಾಡ.”

“ಭಾಳ ಮಾತಾಡಾಕತ್ತಿ. ಸಂಜಿಗೆ ಬರ್ತೀನಿ. ಎತ್ತಿರಲಿಲ್ಲಂದ್ರ ನಾಳಿಂದ ಬುಟ್ಟಿ ಹೊರು. ಮೋಹನ ಅದಾನಲ್ಲ, ಅವ ಎತ್ತತಾನ.”

ಸೂಗಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿನಿಂದ ನೀರಿನ ಸಂಪಿನವರೆಗೆ, ಸಂಪಿನಿಂದ ಗೇಟಿನವರೆಗೆ ನಡೆದಳು. ಹಿಂದೆ ಇಟ್ಟಿಗೆ ಚೂರು ಕೊಟ್ಟು ಕಲ್ಲು ಎತ್ತಿಯೂ ನೋಡಿದಳು. ಸುರಿದ ನೀರು ದಡಕ್ಕನೆ ರಸ್ತೆಗೆ ಬಿತ್ತು. ತಾನೇ ಕೂತಳು, ಹಿಮ್ಮಡಿ ಊರಿದರೂ ಜಾರಿದಳು. ಈ ಗಲ್ಲಿ ಗುಡಿಸುವ ಸಾವಿತ್ರಿಗೆ ಮೊಣಕಾಲು ನೋವು. ಹನ್ನೆರಡನೆಯ ಮನೆಯ ಕಟ್ಟೆಯ ಮೇಲೆ ಹತ್ತು ನಿಮಿಷ ಕಾಲು ಚಾಚಿ ಮುಂದೆ ಹೋಗುತ್ತಾಳೆ. ಇಲ್ಲಿ ಕೂತರೆ?

“ಅಕ್ಕಾ, ಅದರ ಮ್ಯಾಲ ನಿನ್ನ ಹೆಸರೈತೇನು? ಅವರ್ದೈತಿ. ಎತ್ತು, ಮುಗಿಸು,” ಎಂದ ಗೌಂಡಿ ಮೋಹನ.

“ಹೆಸರು ಅವರ್ದು. ಬಿದ್ದಾವ್ರು ಬೈಯೂದು ಕಟ್ಟಿದಾಕಿಗೆ. ಬಾ, ಆ ಕಡೆ ಹಿಡಿ.”

ಇಬ್ಬರೂ ಪರಸಿಯನ್ನು ಕಿತ್ತು ಗೋಡೆಗೆ ಒರಗಿಸಿದರು. ಹಸಿ ಸಿಮೆಂಟನ್ನು ಅವಳು ಕೆರೆದು ತೆಗೆದು ಗೋಡೆಯನ್ನು ನುಣ್ಣಗೆ ಸಾರಿಸಿದಳು. ಕಟ್ಟೆಯಿದ್ದ ಸುಳಿವೂ ಉಳಿಯಲಿಲ್ಲ.

ಸಂಜೆ ಬಂದ ರಾಘವೇಂದ್ರ ಕೂಗಾಡಲಿಲ್ಲ. ಮೋಹನನನ್ನು ಕರೆದು ಪರಸಿ ತೋರಿಸಿದ. ಮೋಹನ ಸೂಗಮ್ಮನ ಮುಖ ನೋಡದೆ, ಪರಸಿ ಮತ್ತೆ ಕೂರಿಸಲು ಅವಳು ಸಾರಿಸಿದ ಗೋಡೆಯನ್ನೇ ಒಡೆಯತೊಡಗಿದ. ಮಕ್ಕಳ ಫೀಸು ಕಟ್ಟಬೇಕಾದ ಅವನನ್ನು ಯಾರು ಬೈದಾರು?

ಮರುದಿನ ಬೆಳಿಗ್ಗೆ ಸೂಗಮ್ಮ ಆ ಸೈಟಿಗೆ ಹೋಗಲಿಲ್ಲ, ಉಪ್ಪಲ್ ರಿಂಗ್ ರೋಡಿನಲ್ಲಿ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಅಡ್ಡಾಕ್ಕೆ ಹೋದಳು. ರಸ್ತೆಯ ಒಂದು ಬದಿ ಗೌಂಡಿಗಳು, ಎದುರು ಬದಿ ಬುಟ್ಟಿ ಹೊರುವ ಹೆಂಗಸರು. ಅವಳು ಗೌಂಡಿಗಳ ನಡುವೆ ನಿಂತಳು.

“ಅಕ್ಕಾ, ದಾರಿ ತಪ್ಪೀ ಏನು? ಹೆಣ್ಮಕ್ಳು ಆ ಬಾಜೂ,” ಎಂದನೊಬ್ಬ. ಉಳಿದವರು ಹಲ್ಲು ಕಿರಿದರು.

“ಗೊತ್ತೈತೋ ತಮ್ಮಾ. ನಿನಗ ಮೀಸಿ ಬರೂದ್ರಾಗ ಅಲ್ಲಿ ನಿಂತು ಬಂದೀನಿ.”

ಒಂದು ಟೆಂಪೋ ಬಂತು, ಇಬ್ಬರು ಗೌಂಡಿಗಳನ್ನು ಹತ್ತಿಸಿಕೊಂಡು ಹೋಯಿತು. ಇನ್ನೊಂದು ಬಂತು, ನಾಲ್ವರು ಹೋದರು. ಅದರ ಡ್ರೈವರ್ ಅವಳನ್ನು ಕಂಡು, ಬುಟ್ಟಿ ಕೆಲಸವಿದೆ, ಬರ್ತೀಯಾ ಎಂದು ಕೈಸನ್ನೆ ಮಾಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಒಂಬತ್ತಾಗುವ ಹೊತ್ತಿಗೆ ಎದುರು ಬದಿ ಖಾಲಿಯಾಯಿತು, ಈ ಬದಿಯಲ್ಲಿ ಅವಳೊಬ್ಬಳು. ಬಿಸಿಲು ಚುರುಕಾಗುತ್ತಿತ್ತು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಬರುವ ಪ್ರತಿ ಗಾಡಿಗೂ ಕತ್ತು ಚಾಚುತ್ತ ಅಲ್ಲೇ ನಿಂತಳು.