ಹರಾಜು ಕೂಗುವವನ ಧ್ಯಾನ

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಗಂಟೆಯಣ್ಣನಿಗೆ ಅರವತ್ತರಲ್ಲಿ ಏನೂ ಆಗಲಿಲ್ಲ, ಆದದ್ದೆಲ್ಲ ಎಪ್ಪತ್ತಕ್ಕೆ. ಮದುವೆಯಾಗಿ ನಲವತ್ನಾಲ್ಕು ವರ್ಷ ಕಳೆದ ಮೇಲೆ, ಮಗಳಿಗೇ ತಲೆ ನರೆಯಲು ಶುರುವಾದ ಮೇಲೆ, ಈ ಮನುಷ್ಯನಿಗೆ ಹೆಂಡತಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅದೂ ಅವಳು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು ಎನ್ನುವ ಕಾರಣಕ್ಕೆ. ಹೇಳಿಕೊಂಡರೆ ಯಾರಾದರೂ ನಂಬುತ್ತಾರೆಯೇ?

ಗಂಟೆ ಅನ್ನುವುದು ಅವನ ಹೆಸರಲ್ಲ, ಗಂಟಲಿಗೆ ಸಿಕ್ಕ ಬಿರುದು. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಮೂವತ್ತೊಂಬತ್ತು ವರ್ಷ ಹರಾಜು ಕೂಗಿದವನು. ಬೆಳಗಿನ ಜಾವ ಆಲೂಗಡ್ಡೆ ಮೂಟೆಯ ಮೇಲೆ ನಿಂತು ಬಾಯಿ ತೆರೆದನೆಂದರೆ ಗೇಟಿನಾಚೆ ಲಾರಿಯಲ್ಲಿ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರು. ಆದರೆ ಹರಾಜು ನಡೆಯುವುದು ಗಂಟಲಿನಿಂದ ಅಂದುಕೊಂಡರೆ ತಪ್ಪು, ನಡೆಯುವುದು ಕಣ್ಣಿನಿಂದ. ಕೊಳ್ಳುವವರು ಅಲ್ಲಿ ಬಾಯಿ ಬಿಡುವುದಿಲ್ಲ, ಬಿಟ್ಟರೆ ಪಕ್ಕದವನಿಗೂ ಆಸೆ ಹುಟ್ಟುತ್ತದೆ. ಒಬ್ಬ ಹುಬ್ಬು ಏರಿಸುತ್ತಾನೆ, ಇನ್ನೊಬ್ಬ ಮೂಗು ತುರಿಸುತ್ತಾನೆ, ಮತ್ತೊಬ್ಬನ ತುಟಿಯ ಅಂಚು ಚೂರು ಅಲುಗುತ್ತದೆ. ಇನ್ನೂರು ಮುಖಗಳಲ್ಲಿ ಅದನ್ನು ಹಿಡಿಯಬೇಕು. ಹಿಡಿದ ಗಳಿಗೆಯಲ್ಲೇ ಮಾಲಿನ ಯಜಮಾನ ತಲೆ ಆಡಿಸಿದರೆ ವ್ಯಾಪಾರ ಕುದುರಿತು. ‘ಮೂರನೇ ಸಲ’ ಎಂದು ಕೂಗಿ ಮುಗಿಸುವುದೇ ಕೆಲಸ. ಗಂಟೆಯಣ್ಣ ಮುಖ ಓದುವುದರಲ್ಲಿ ಒಂದು ಸಲವೂ ಮೋಸ ಹೋಗಲಿಲ್ಲ. ಇದನ್ನು ಅವನೇ ಹೇಳುತ್ತಾನೆ, ಕೇಳಿದವರಿಗೂ, ಕೇಳದವರಿಗೂ.

ಹೆಂಡತಿ ಇದಕ್ಕೆ ಪೂರ್ತಿ ತದ್ವಿರುದ್ಧ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವಳು. ಇಡೀ ದಿನ ಅಕ್ಷರಗಳ ಮೇಲೆ ಬಾಗಿ ಕೂತು, ತಪ್ಪು ಕಂಡಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗುವ ಕೆಲಸ. ಮನೆಯಲ್ಲೂ ಹಾಗೆಯೇ ಇದ್ದಳು. ಗಂಡ ಹತ್ತು ಮಾತಾಡಿದರೆ ಇವಳದು ಒಂದು, ಅದೂ ‘ಹೂಂ’.

ಗಂಟೆಯಣ್ಣನ ರಕ್ತದೊತ್ತಡ ನೂರೆಂಬತ್ತು ದಾಟಿದಾಗ ಡಾಕ್ಟರು ಕೂಗುವುದನ್ನು ನಿಲ್ಲಿಸಿ ಎಂದರು. ಹೆಂಡತಿಗೆ ಮಂಡಿ ನೋವು. ಮಗಳು ನರ್ಸು, ಇಬ್ಬರನ್ನೂ ಒಂದೇ ಏಟಿಗೆ ಚೀಗಾಂಗ್ ತರಗತಿಗೆ ಸೇರಿಸಲು ನೋಡಿದಳು. ಚೀನಾ ದೇಶದ ವ್ಯಾಯಾಮ, ನಿಧಾನಕ್ಕೆ ಕೈಕಾಲು ಆಡಿಸಬೇಕು, ಉಸಿರಿನ ಮೇಲೆ ಗಮನ ಇಡಬೇಕು, ಕೊನೆಗೆ ಇಪ್ಪತ್ತು ನಿಮಿಷ ಧ್ಯಾನ. ವಯಸ್ಸಾದವರಿಗೆ ಒಳ್ಳೆಯದು.

“ಗಾಳೀಲಿ ಕೈ ಆಡಿಸಿದ್ರೆ ಆಯಸ್ಸು ಬರೋದಾಗಿದ್ರೆ ಟ್ರಾಫಿಕ್ ಪೊಲೀಸರೆಲ್ಲ ನೂರು ವರ್ಷ ಬದುಕಬೇಕಿತ್ತು. ನಿಮ್ಮಮ್ಮನ್ನ ಕಳಿಸು, ನಾನು ಬರಲ್ಲ,” ಎಂದ ಗಂಟೆಯಣ್ಣ.

ಹೆಂಡತಿ ಹೋದಳು. ಎಂಟು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಮೂರು ಮಹಡಿಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತತೊಡಗಿದಳು. ಅಷ್ಟಾದರೆ ಸರಿಯಿತ್ತು. ಮಧ್ಯಾಹ್ನ ನಾಲ್ಕಕ್ಕೆ ಮನೆಯಲ್ಲೂ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಅಂಗೈಗಳನ್ನು ತೊಡೆಯ ಮೇಲಿಟ್ಟು, ಇಪ್ಪತ್ತು ನಿಮಿಷ ಕೂರುವ ಅಭ್ಯಾಸ ಮಾಡಿಕೊಂಡಳು. ಗಂಟೆಯಣ್ಣ ಎದುರಿನ ಸೋಫಾದಲ್ಲಿ ಪೇಪರು ಹಿಡಿದು ಕೂತಿದ್ದ ಒಂದು ದಿನ ಅದು ಕಂಡಿತು. ಅವಳ ತುಟಿಯ ಎಡ ಅಂಚು ಮೆಲ್ಲಗೆ ಅಲುಗಿತು, ಆಮೇಲೆ ಮುಖ ಪೂರ್ತಿ ಸಡಿಲವಾಗಿ ಅರಳಿತು.

ಅವನಿಗೆ ಆ ಮುಖ ಚೆನ್ನಾಗಿ ಗೊತ್ತು. ಬಹಳ ದಿನದಿಂದ ಕಣ್ಣಿಟ್ಟಿದ್ದ ಮಾಲು ಕೈಗೆ ಸಿಕ್ಕವನ ಮುಖ ಅದು. ಮದುವೆಯ ದಿನದಿಂದ ಇಂದಿನವರೆಗೆ ಅದು ತನ್ನ ಕಡೆಗೆ ತಿರುಗಿದ್ದೇ ಇಲ್ಲ ಎನ್ನುವುದು ಆಗ ಹೊಳೆಯಿತು. ಪೇಪರಿನಲ್ಲಿ ಏನು ಬರೆದಿತ್ತೋ ದೇವರೇ ಬಲ್ಲ.

“ಏನೇ ಅದು, ಕೂತಲ್ಲೇ ನಗ್ತಿದ್ದೆ?”

“ನಕ್ಕೆನಾ?” ಎಂದಳು. “ಏನಿಲ್ಲ ರೀ, ಉಸಿರು ನೋಡ್ತಾ ಇದ್ದೆ.”

ಉಸಿರು ನೋಡಿ ಯಾರಾದರೂ ನಗುತ್ತಾರೆಯೇ? ಗಂಟೆಯಣ್ಣ ಮಗಳಿಗೆ ಫೋನು ಹಚ್ಚಿದ. ಆ ತರಗತಿ ಕಲಿಸುವವನು ಯಾರು, ಯಾವೂರವನು, ವಯಸ್ಸೆಷ್ಟು, ಹೆಂಡತಿ ಇದ್ದಾಳೋ ಇಲ್ಲವೋ ಎಂದು ಒಂದೇ ಉಸಿರಿನಲ್ಲಿ ಕೇಳಿದ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು, ಅರವತ್ತಾರು, ಹೆಂಡತಿ ತೀರಿಕೊಂಡು ಆರು ವರ್ಷ ಎಂದು ಮಗಳು ಹೇಳಿದಳು. “ಯಾಕಪ್ಪಾ, ಸಂಬಂಧ ನೋಡ್ತಿದೀಯಾ?” ಎಂದು ಕಿಚಾಯಿಸಿದಳು. ಅವನು ಫೋನು ಕುಕ್ಕಿದ.

ಮರುದಿನ ಬೆಳಿಗ್ಗೆ ಆರಕ್ಕೆ ಗಂಟೆಯಣ್ಣನೂ ತರಗತಿಯಲ್ಲಿ ಹಾಜರು. ಹಳೆಯ ಬ್ಯಾಡ್ಮಿಂಟನ್ ಹಾಲ್, ಹಸಿರು ನೆಲ, ಮಾಸಿದ ಬಿಳಿ ಗೆರೆಗಳು. ಹದಿನೇಳು ಜನ ಮುದುಕ ಮುದುಕಿಯರು, ಎದುರಿಗೆ ಹಡಗಿನ ಮೇಷ್ಟ್ರು. ಮನುಷ್ಯ ಬೊಜ್ಜಿಲ್ಲದೆ, ನೆಟ್ಟಗೆ, ತಣ್ಣಗೆ ಇದ್ದ. ದನಿಯೂ ಅಷ್ಟೇ, ಕೇಳಬೇಕಾದರೆ ಇವರೇ ಕಿವಿ ಮುಂದೆ ಮಾಡಬೇಕು. ಅದು ಗಂಟೆಯಣ್ಣನಿಗೆ ಮೊದಲು ಚುಚ್ಚಿತು. ಜೀವನವಿಡೀ ತಾನು ಅರಚಿ ಜನರನ್ನು ಸೇರಿಸಿದ್ದ, ಇವನು ಪಿಸುಗುಟ್ಟಿ ಸೇರಿಸುತ್ತಿದ್ದಾನೆ.

“ಎರಡೂ ಕೈಯಿಂದ ಆಕಾಶ ಎತ್ತಿ,” ಎಂದರು ಮೇಷ್ಟ್ರು. ಎಲ್ಲರೂ ಎತ್ತಿದರು. ಗಂಟೆಯಣ್ಣ ಮೂಟೆ ಎತ್ತುವವನ ಹಾಗೆ ಎತ್ತಿದ. ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಮೊಣಕೈ ಚೂರು ಇಳಿದಿತ್ತು. ಮೇಷ್ಟ್ರು ಬಂದು ಎರಡು ಬೆರಳಿನಿಂದ ಅದನ್ನು ಮೇಲೆತ್ತಿ “ಹಾಂ, ಹೀಗೆ” ಎಂದರು. ಎರಡೇ ಬೆರಳು. ಗಂಟೆಯಣ್ಣನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ಅವನಿಗೂ ಗೊತ್ತಿದ್ದ ಮಾತೇ, ಆದರೆ ಕಾಮಾಲೆ ಬಂದವನಿಗೆ ಗಾದೆ ನೆನಪಾಗುತ್ತದೆಯೇ?

ಅಲ್ಲಿಂದ ಶುರುವಾಯಿತು ನೋಡಿ ಅವನ ಸಾಧನೆ. ಎರಡೂ ತೋಳುಗಳನ್ನು ಎದೆಯ ಮುಂದೆ ದುಂಡಗೆ ಹಿಡಿದು, ಮರ ತಬ್ಬಿಕೊಂಡಂತೆ ನಿಲ್ಲುವುದು ಒಂದು ಪಾಠ. ಉಳಿದವರು ಐದು ನಿಮಿಷಕ್ಕೆ ಕೈ ಇಳಿಸುತ್ತಿದ್ದರು. ಮೇಷ್ಟ್ರು ಇಳಿಸುವವರೆಗೆ ತಾನೂ ಇಳಿಸುವುದಿಲ್ಲ ಎಂದು ಗಂಟೆಯಣ್ಣ ಹಟ ಹಿಡಿದ. ತೊಡೆ ನಡುಗಿತು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು, ಆದರೂ ಬಿಡಲಿಲ್ಲ. ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ. ಎರಡು ತಿಂಗಳಿಗೆ ಡಾಕ್ಟರು ಒತ್ತಡ ನೋಡಿ, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ತರಿಸಿ ನೋಡಿದರು. ನೂರಮೂವತ್ತೆಂಟು. “ಭೇಷ್, ಮನಸ್ಸು ಶಾಂತವಾಗಿದೆ ಅಂತ ಕಾಣುತ್ತೆ,” ಎಂದರು. ಹೊಟ್ಟೆಕಿಚ್ಚಿನಿಂದ ಆರೋಗ್ಯ ಸುಧಾರಿಸಿದ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಧ್ಯಾನ ಮಾತ್ರ ಅವನು ಒಂದು ದಿನವೂ ಮಾಡಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರೆ ಇವನು, ಹೆಂಡತಿಯ ಮುಖ ಓರೆಯಾಗಿ ಕಾಣುವ ಕುರ್ಚಿ ಹಿಡಿದು, ರೆಪ್ಪೆಯ ಸಂದಿಯಿಂದ ಕಾವಲು ಕಾಯುತ್ತಿದ್ದ. ಮೇಷ್ಟ್ರು ಮೊದಲು ಉಸಿರು ಎಣಿಸಲು ಹೇಳುತ್ತಿದ್ದರು. ಆಮೇಲೆ, “ಈಗ ನೀವು ತುಂಬ ನೆಮ್ಮದಿಯಾಗಿದ್ದ ಒಂದು ಜಾಗಕ್ಕೆ ಹೋಗಿ ಕೂತ್ಕೊಳ್ಳಿ,” ಎನ್ನುತ್ತಿದ್ದರು. ಆ ಮಾತು ಬಂದದ್ದೇ ತಡ, ಹೆಂಡತಿಯ ತುಟಿಯಂಚು ಅಲುಗುತ್ತಿತ್ತು. ದಿನಾ ಅದೇ ಮಾತು, ದಿನಾ ಅದೇ ನಗು. ಎಲ್ಲಿಗೆ ಹೋಗುತ್ತಾಳೆ ಇವಳು? ಅಲ್ಲಿ ಯಾರಿದ್ದಾರೆ?

ಒಂದು ಗುರುವಾರ ಅನಾಹುತ ಆಯಿತು. ಹಾಲ್ ನಿಶ್ಶಬ್ದವಾಗಿತ್ತು. ಹೆಂಡತಿಯ ತುಟಿ ಅಲುಗಿತು, ಮುಖ ಅರಳಿತು. ಅದೇ ಗಳಿಗೆಯಲ್ಲಿ ಎದುರಿಗೆ ಕೂತ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. ಬೇಕು ಅನ್ನುವ ಮುಖ ಒಂದು ಕಡೆ, ಕೊಟ್ಟೆ ಅನ್ನುವ ತಲೆ ಇನ್ನೊಂದು ಕಡೆ. ಗಂಟೆಯಣ್ಣ ಯೋಚಿಸಲಿಲ್ಲ, ಯೋಚಿಸಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಮೂವತ್ತೊಂಬತ್ತು ವರ್ಷದ ಚಾಳಿ ಗಂಟಲಿಗೆ ನುಗ್ಗಿತು.

“ಮೂರನೇ ಸಲ!”

ಹಾಲ್‌ನ ತಗಡಿನ ಸೂರು ಅದುರಿತು. ಹಿಂದಿನ ಸಾಲಿನ ನಿವೃತ್ತ ದಂತವೈದ್ಯ ಕುರ್ಚಿಯಿಂದ ಜಾರಿ ಕೆಳಗೆ ಕೂತ. ಒಬ್ಬಾಕೆ ಎದೆ ಹಿಡಿದುಕೊಂಡು ಏದುಸಿರು ಬಿಟ್ಟಳು. ಉಳಿದವರೆಲ್ಲ ತಿರುಗಿ ಅವನನ್ನೇ ನೋಡಿದರು. ಹೆಂಡತಿಯ ಮುಖ ಕೆಂಪಾಯಿತು, ಅವಳೊಬ್ಬಳೇ ತಿರುಗಿ ನೋಡಲಿಲ್ಲ.

ತರಗತಿ ಮುಗಿದ ಮೇಲೆ ಗಂಟೆಯಣ್ಣ ಮೇಷ್ಟ್ರನ್ನು ಪಕ್ಕಕ್ಕೆ ಕರೆದ. ಕ್ಷಮೆ ಕೇಳಲು ಅಂದುಕೊಂಡರೆ, ಅಲ್ಲ.

“ನೀವು ತಲೆ ಆಡಿಸಿದ್ದು ಯಾಕೆ?”

“ನಾನಾ?” ಮೇಷ್ಟ್ರಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಓ, ಅದಾ. ಉಸಿರು ಎಣಿಸುವಾಗ ಹತ್ತಕ್ಕೊಂದು ಸಲ ತಲೆ ಆಡಿಸ್ತೀನಂತೆ. ಎಂಜಿನ್ ರೂಮಲ್ಲಿ ಮಾತು ಕೇಳಿಸ್ತಿರಲಿಲ್ಲ, ತಲೆ ಆಡಿಸಿಯೇ ಒಬ್ಬರಿಗೊಬ್ಬರು ಲೆಕ್ಕ ಹೇಳ್ಕೋತಿದ್ವಿ. ನಮ್ಮ ಮನೆಯವಳು ನಗ್ತಿದ್ಲು.”

ಗಂಟೆಯಣ್ಣ ಆ ಮುಖವನ್ನು ಉದ್ದಕ್ಕೂ ಅಡ್ಡಕ್ಕೂ ಓದಿದ. ಎಲ್ಲೂ ಏನೂ ಇರಲಿಲ್ಲ, ಹೆಂಡತಿಯನ್ನು ಕಳಕೊಂಡ ಒಬ್ಬ ಮನುಷ್ಯನಿದ್ದ ಅಷ್ಟೇ.

“ಹಾಗಾದ್ರೆ ಇವಳು ಹೋಗೋದು ಎಲ್ಲಿಗೆ?”

“ಅದನ್ನ ನಾನು ಯಾರನ್ನೂ ಕೇಳಲ್ಲ. ಬಚ್ಚಲಿನ ಬಾಗಿಲು ಇದ್ದ ಹಾಗೆ ಅದು, ತಟ್ಟಬಾರದು.”

ಈ ಒಳ್ಳೆಯ ಮಾತು ಗಂಟೆಯಣ್ಣನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟಿತು. ಹೆಂಡತಿ ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯತೊಡಗಿದಳು. ಅವನು ಎದುರಿಗೆ ಕೂತ.

“ಮಾನ ಕಳೆದ್ರಿ,” ಎಂದಳು.

“ಕಳೆದೆ. ಒಪ್ಪಿದೆ. ಈಗ ನೀನು ಹೇಳು. ಮೇಷ್ಟ್ರು ಜಾಗಕ್ಕೆ ಹೋಗಿ ಅಂದಾಗ ನೀನು ಎಲ್ಲಿಗೆ ಹೋಗ್ತೀಯ?”

ಅವಳು ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ನಮ್ಮ ಹಳೇ ಮನೆಗೆ.”

“ಹಳೇ ಮನೆಗಾ?” ಗಂಟೆಯಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಅದು ಅವರಿಬ್ಬರೂ ಸಂಸಾರ ಹೂಡಿದ ಮನೆ. “ಮೊದಲೇ ಹೇಳಬಾರದಾಗಿತ್ತಾ? ಯಾವಾಗಿನದು? ಮಗು ಹುಟ್ಟಿದಾಗಿನದಾ?”

“ಇಲ್ಲ. ಅವಳು ಎರಡನೇ ಕ್ಲಾಸು. ಅವಳನ್ನ ಸ್ಕೂಲಿಗೆ ಬಿಟ್ಟು ಬಂದ ಮೇಲೆ ನನಗೆ ಅಚ್ಚುಕೂಟಕ್ಕೆ ಹೊರಡೋಕೆ ಒಂದು ಗಂಟೆ ಇರ್ತಿತ್ತು. ಮುಂದಿನ ರೂಮಲ್ಲಿ ನೆಲದ ಮೇಲೆ ಬಿಸಿಲು ಬೀಳ್ತಿತ್ತು. ಅಲ್ಲಿ ಕೂತು ಚಹಾ ಕುಡೀತಿದ್ದೆ.”

“ಜೊತೆಗೆ ಯಾರಿರ್ತಿದ್ರು?”

“ಯಾರೂ ಇಲ್ಲ.”

“ನಾನು?”

“ನೀವು ಊರಲ್ಲಿರಲಿಲ್ಲವಲ್ಲ ರೀ.” ಅವಳ ದನಿಯಲ್ಲಿ ಕಹಿ ಇರಲಿಲ್ಲ, ಚುಚ್ಚಬೇಕೆಂಬುದೂ ಇರಲಿಲ್ಲ. “ಇಲ್ಲಿನ ಮಾರುಕಟ್ಟೆ ಸುಟ್ಟು ಹೋಗಿತ್ತು ನೋಡಿ, ನೀವು ಬೇರೆ ಊರಿಗೆ ಕೂಗೋಕೆ ಹೋಗಿದ್ರಿ. ಹನ್ನೊಂದು ತಿಂಗಳು.”

ಆ ಹನ್ನೊಂದು ತಿಂಗಳನ್ನು ಗಂಟೆಯಣ್ಣ ಮರೆತಿದ್ದರೆ ತಾನೇ. ಪರವೂರಿನ ಗೋದಾಮಿನ ಮೂಲೆಯಲ್ಲಿ ಮಲಗಿ, ಅವಳು ಬರೆದ ಒಂದು ಕಾಗದವನ್ನು ಮಡಿಕೆ ಹರಿಯುವವರೆಗೆ ಓದಿದ್ದ.

“ನೀವಿಲ್ಲದೆ ಮನೆ ಬಿಕೋ ಅನ್ನುತ್ತೆ ಅಂತ ಬರೆದಿದ್ದೆಯಲ್ಲೇ.”

“ಬರೆದಿದ್ದೆ. ಬಿಕೋ ಅಂತಾನೇ ಇತ್ತು.” ಅವಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. “ಅದೇ ಚೆನ್ನಾಗಿತ್ತು.”

ಒಬ್ಬ ಗಂಡಸಿದ್ದಿದ್ದರೆ ಗಂಟೆಯಣ್ಣ ಜಗಳ ಆಡಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ಬಿಸಿಲು ಬಿದ್ದ ಖಾಲಿ ನೆಲದ ಮೇಲೆ ಹೇಗೆ ಮತ್ಸರ ಪಡುವುದು? ಆದರೆ ಪಟ್ಟ, ಮೊದಲಿಗಿಂತ ಹೆಚ್ಚೇ ಪಟ್ಟ. ಮೇಷ್ಟ್ರ ಮೇಲಿದ್ದದ್ದು ಬರೀ ಕಿಚ್ಚು, ಇದು ಹೊಟ್ಟೆಯೊಳಗಿನ ಕೆಂಡ. ಅವಳನ್ನು ಸುಖವಾಗಿಟ್ಟದ್ದು ತಾನು ಇದ್ದದ್ದಲ್ಲ, ಇಲ್ಲದ್ದು.

ಮರುದಿನ ತರಗತಿಯಲ್ಲಿ ಮೊದಲ ಬಾರಿಗೆ ಕಣ್ಣು ಪೂರ್ತಿ ಮುಚ್ಚಿದ. ನೆಮ್ಮದಿಯ ಜಾಗಕ್ಕೆ ಹೋಗಿ ಎಂದರು ಮೇಷ್ಟ್ರು. ಕರೆಯದೆ ಬಂದದ್ದು ಮಾರುಕಟ್ಟೆ. ಲಾರಿಗಳ ಹೊಗೆ, ಒದ್ದೆ ಗೋಣಿಯ ವಾಸನೆ, ಇನ್ನೂರು ಮುಖಗಳು ತನ್ನನ್ನೇ ನೋಡುತ್ತಿವೆ. ಎದೆ ಹಗುರಾಯಿತು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯನ್ನು ಹುಡುಕಿದ. ಅವಳಿರಲಿಲ್ಲ. ಎಳೆದು ತಂದು ಮೂಟೆಯ ಪಕ್ಕ ನಿಲ್ಲಿಸಿದ, ಅವಳು ನಿಲ್ಲಲಿಲ್ಲ. ತನ್ನ ನೆಮ್ಮದಿಯಲ್ಲೂ ಅವಳಿಲ್ಲ, ಹಾಗಾದರೆ ಸರಿಗೆ ಸರಿ ಎಂದು ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ. ತನಗೆ ಒಂದು ನ್ಯಾಯ, ಅವಳಿಗೆ ಒಂದು ನ್ಯಾಯ. ಹೊಟ್ಟೆಕಿಚ್ಚು ಎಂದಾದರೂ ನ್ಯಾಯ ಕೇಳಿದ್ದುಂಟೇ?

ಮಧ್ಯಾಹ್ನ ನಾಲ್ಕಕ್ಕೆ ಅವಳು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡಳು. ಗಂಟೆಯಣ್ಣ ಪೇಪರು ಮಡಿಸಿಟ್ಟು ಚಪ್ಪಲಿ ಮೆಟ್ಟಿದ.

“ಎಲ್ಲಿಗೆ?” ಎಂದಳು.

“ಇಲ್ಲೇ. ನೀನು ಕೂತ್ಕೋ.”

ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ. ಮೂರು ಮಹಡಿ ಇಳಿದು ಬೀದಿ ದಾಟಿ ಬೀಗ ರಿಪೇರಿಯವನ ಅಂಗಡಿಯ ಮುಂದೆ ನಿಂತ. ಅಲ್ಲಿಂದ ಅವರ ಮನೆಯ ಕಿಟಕಿ ಕಾಣುತ್ತಿತ್ತು. ಒಳಗೆ ಈಗ ಯಾರೂ ಪೇಪರು ತಿರುವುತ್ತಿಲ್ಲ, ಕೆಮ್ಮುತ್ತಿಲ್ಲ, ಯಾರೂ ಅವಳ ಮುಖ ನೋಡುತ್ತಿಲ್ಲ. ಅವಳು ನಗುತ್ತಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಹೊಟ್ಟೆ ಉರಿಯುತ್ತಲೇ ಇತ್ತು, ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ.

ಬೀಗದವನು ಅರದಲ್ಲಿ ಬೀಗದಕೈ ಉಜ್ಜುವುದನ್ನು ನಿಲ್ಲಿಸಿ ತಲೆಯೆತ್ತಿದ. “ಏನಣ್ಣಾ, ಮನೆ ಮುಂದೇನೇ ನಿಂತಿದೀರಿ? ಬೀಗ ಕೆಟ್ಟಿದೆಯಾ?”

“ಇಲ್ಲ ಕಣಯ್ಯಾ,” ಎಂದ ಗಂಟೆಯಣ್ಣ, ಕಿಟಕಿಯಿಂದ ಕಣ್ಣು ತೆಗೆಯದೆ. “ನಾನು ಊರಲ್ಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಬರ್ತೀನಿ.”